ಗರಗದ ಹೊಲ, ಗ್ಲಾರುಸಿನ ಕೈಗಳು

ಹುಬ್ಬಳ್ಳಿ ಸ್ಟೇಶನ್

ನಾನು ಸ್ವಿಟ್ಝರ್ಲಂಡಿಗೆ ಹೋದದ್ದು ಹಿಮ ನೋಡಲಿಕ್ಕೆ ಅಲ್ಲ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಬಸಲಿಂಗಪ್ಪ ಸಾವಕಾರರಿಗೆ ನೂಲು ತೆಗೆಯುವ ಯಂತ್ರ ಬೇಕಾಗಿತ್ತು. ಯಂತ್ರದ ಕರಾರು ಓದಲಿಕ್ಕೆ ಇಂಗ್ಲಿಷ್ ಬಲ್ಲ ವಕೀಲ ಬೇಕಾಗಿತ್ತು. ಧಾರವಾಡದಲ್ಲಿ ಇಂಗ್ಲಿಷ್ ಬಲ್ಲ ವಕೀಲರಿಗೇನು ಬರಗಾಲ ಬಿದ್ದಿಲ್ಲ. ಆದರೆ ಸಾವಕಾರರ ಸಿಟ್ಟು ತಡಕೊಂಡು ತಿಂಗಳುಗಟ್ಟಲೆ ಜೋಡಿ ಇರುವ ವಕೀಲ ನಾನೊಬ್ಬನೇ ಅಂತ ಅವರ ಮನೆಯವರೇ ತೀರ್ಮಾನಿಸಿದರು. ಅದು ೧೯೩೯ರ ಮಾತು. ಯುದ್ಧದ ಸುದ್ದಿ ಪತ್ರಿಕೆಯಲ್ಲಿ ದಿನಾ ಬರುತ್ತಿತ್ತು, ಯುದ್ಧ ಇನ್ನೂ ಶುರುವಾಗಿರಲಿಲ್ಲ.

ಸ್ಟೇಶನ್ನಿಗೆ ನನ್ನನ್ನು ಕಳಿಸಲಿಕ್ಕೆ ತಂಗಿ ನೀಲವ್ವ ತನ್ನ ಹಳ್ಳಿ ಗರಗದಿಂದ ಬಂದಿದ್ದಳು. ಅವಳ ಗಂಡ ತೀರಿಕೊಂಡು ವರ್ಷ ತುಂಬಿತ್ತು. ಮಕ್ಕಳಿಲ್ಲ. ಕೆರೆಯ ಕೆಳಗಿನ ಹೊಲವನ್ನು ಗಂಡನ ಅಣ್ಣ ಉಳುತ್ತಿದ್ದ. ಮನೆಯ ಎರಡು ಖೋಲಿ ನಿನ್ನವು, ಹೊಲದ ಮಾತು ತೆಗೀಬ್ಯಾಡ ಅಂದುಬಿಟ್ಟಿದ್ದ. ವಿಧವೆಗೆ ಗಂಡನ ಪಾಲು ಕೊಡುವ ಕಾಯದೆ ದಿಲ್ಲಿಯಲ್ಲಿ ಆಗಿದೆ ಅಂತ ನಾನೇ ಅವಳಿಗೆ ಧೈರ್ಯ ಹೇಳಿದ್ದೆ. ದಾವೆ ಹಾಕಿದ ಮೇಲೆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲ ಎದ್ದು ನಿಂತು, ಸಾಗುವಳಿ ಜಮೀನಿನ ವಾರಸಾ ಪ್ರಾಂತದ ವಿಷಯ, ಅದನ್ನು ಮುಟ್ಟಲಿಕ್ಕೆ ದಿಲ್ಲಿಗೆ ಅಧಿಕಾರವಿಲ್ಲ ಎಂದ. ಪುಸ್ತಕ ತೆಗೆದು ನೋಡಿದರೆ ಅವನ ಮಾತು ಖರೇನೇ ಇತ್ತು.

ನೀಲವ್ವ ಒಂದು ಖಾದಿ ವಲ್ಲಿ ನನ್ನ ಹೆಗಲಿಗೆ ಹಾಕಿದಳು. ಅವಳೇ ನೂತ ನೂಲು, ಗರಗದ ಮಗ್ಗದಲ್ಲೇ ನೇಯ್ದದ್ದು, ಹೊದ್ದರೆ ಹೊದಿಕೆ ಹಾಸಿದರೆ ಹಾಸಿಗೆ ಅನ್ನುವಷ್ಟು ಅಗಲ.

"ಅಲ್ಲಿ ಥಂಡಿ ಭಾಳಂತ. ಹೊಚ್ಚಿಕೋ," ಅಂದಳು. ಆಮೇಲೆ, ರೈಲು ಸೀಟಿ ಹೊಡೆಯುವ ಹೊತ್ತಿಗೆ ಸರಿಯಾಗಿ ಕೇಳಿದಳು: "ಅಣ್ಣಾ, ದಿಲ್ಲಿ ಕಾಯದೆ ನಮ್ಮ ಮನಿ ಮಟಾ ಬರತೈತಿ, ಹೊಲದ ಮಟಾ ಯಾಕ ಬರಾಂಗಿಲ್ಲ?"

"ಪಟ್ಟಿ ಅದಾವ ನೀಲವ್ವಾ. ಇಂಥಾ ವಿಷಯ ದಿಲ್ಲಿಗೆ, ಇಂಥಾವು ಪ್ರಾಂತಕ್ಕ ಅಂತ ಹಂಚಿ ಬರದಾರ."

"ಯಾರು ಹಂಚಿದರು?"

"ಲಂಡನ್ನಿನವರು."

"ಅವರಿಗೆ ಗರಗ ಗೊತ್ತೈತೇನು?"

ರೈಲು ಹೊರಟಿತು. ನಾನು ಕೈ ಬೀಸಿದೆ. ಉತ್ತರ ಕೊಡಲಾಗದ ವಕೀಲನಿಗೆ ರೈಲು ಹೊರಡುವುದರಷ್ಟು ಅನುಕೂಲದ ಸಂಗತಿ ಬೇರೊಂದಿಲ್ಲ.

ಹಡಗಿನ ಮೇಲೆ

ಸಮುದ್ರ ಹೇಗಿತ್ತು ಅಂತ ಮಂದಿ ಕೇಳುತ್ತಾರೆ. ನೀರು ಇತ್ತು. ಸಾವಕಾರರು ಮೊದಲ ನಾಲ್ಕು ದಿನ ಮಲಗಿದ್ದರು, ಐದನೆಯ ದಿನ ಎದ್ದು ಒಣಗಿಸಿ ತಂದ ಕಟಕ ರೊಟ್ಟಿಯ ಡಬ್ಬಿ ತೆರೆದರು, ಅಲ್ಲಿಂದ ಅವರನ್ನು ಹಿಡಿಯುವವರೇ ಇರಲಿಲ್ಲ. ಹಡಗಿನ ಅಡಿಗೆಯವನಿಗೆ ಶೇಂಗಾ ಚಟ್ನಿ ರುಚಿ ತೋರಿಸಿ, ಅವನಿಂದ ದಿನಾ ಒಂದು ಪಾತ್ರೆ ಹಾಲು ವಸೂಲು ಮಾಡತೊಡಗಿದರು.

ಸಂಜೆ ಡೆಕ್ಕಿನ ಮೇಲೆ ಕೂತು ನಾನು ಹೊಸ ರಾಜ್ಯಪದ್ಧತಿಯ ಮೂರು ಪಟ್ಟಿ ಅವರಿಗೆ ತಿಳಿಸಿದೆ. ಒಂದು ಕೇಂದ್ರದ್ದು, ಒಂದು ಪ್ರಾಂತದ್ದು, ಒಂದು ಇಬ್ಬರಿಗೂ ಕೂಡಿದ್ದು.

"ನಮ್ಮ ಮನ್ಯಾಗೂ ಹಂಗ ಐತ್ರಿ," ಅಂದರು ಸಾವಕಾರರು. "ಪ್ಯಾಟಿ ವ್ಯವಹಾರ ನಂದು. ಒಲಿ, ಆಕಳಾ, ಆಳುಮಕ್ಕಳು ಆಕೀದು. ಮಕ್ಕಳ ಮದವಿ ಇಬ್ಬರದೂ. ಆದ್ರ ಕೂಡಿದ ಪಟ್ಟಿಯೊಳಗ ಜಗಳಾದ್ರ?"

"ಕೇಂದ್ರದ ಮಾತು ಗೆಲ್ಲತೈತ್ರಿ."

"ನಮ್ಮ ಮನ್ಯಾಗ ಆಕಿ ಮಾತ ಗೆಲ್ಲತೈತಿ. ಅದಿರಲಿ, ನಿಮ್ಮ ತಂಗಿ ಮನಿ ಯಾವ ಪಟ್ಟಿಯೊಳಗ?"

"ಕೂಡಿದ್ದರಾಗ."

"ಹೊಲಾ?"

"ಪ್ರಾಂತದ್ದರಾಗ."

ಸಾವಕಾರರು ರೊಟ್ಟಿಯ ಡಬ್ಬಿ ಎಳೆದುಕೊಂಡರು. "ಸತ್ತಾಂವ ಒಬ್ಬ, ಅಳಾಕಿ ಒಬ್ಬಾಕಿ, ಕಾಯದೆ ಎರಡು. ಇದನ್ನ ಬರದಾಂವ ಹೊಲಾ ಮಾಡಿದಾಂವ ಅಲ್ಲ ಬಿಡ್ರಿ."

ನಾನು ಬರೆದವರ ಪರ ಎರಡು ಮಾತು ಹೇಳಿದೆ. ಜಮೀನು ಊರಿಂದೂರಿಗೆ ಬೇರೆ, ಸಿಂಧಿನ ರೂಢಿ ಧಾರವಾಡಕ್ಕೆ ಹೊಂದದು, ಅದಕ್ಕೇ ಆಯಾ ಪ್ರಾಂತದವರು ನೋಡಿಕೊಳ್ಳಲಿ ಅನ್ನುವುದರಲ್ಲಿ ಅರ್ಥವಿದೆ ಅಂದೆ. ಈಗಲೂ ಅದೇ ಮಾತು ಹೇಳುತ್ತೇನೆ. ಅವರು ಹೂಂ ಅಂದು ರೊಟ್ಟಿ ಮುರಿದರು.

ಝೂರಿಕ್

ಯಂತ್ರದ ಕಾರಖಾನೆಯಲ್ಲಿ ನಮ್ಮ ಮಾನ ಹೋಗುವ ಪ್ರಸಂಗ ಬಂತು.

ಹುಬ್ಬಳ್ಳಿಯ ಹತ್ತಿ ಪೇಟೆ ನೋಡಿದವರಿಗೆ ಗೊತ್ತು, ಅಲ್ಲಿ ದರ ಬಾಯಿಂದ ಹೇಳುವುದಿಲ್ಲ. ದಲ್ಲಾಳಿಯೂ ಗಿರಾಕಿಯೂ ಕೈಗೆ ಕೈ ಕೊಟ್ಟು ಮೇಲೆ ಒಂದು ವಲ್ಲಿ ಮುಚ್ಚುತ್ತಾರೆ. ಒಳಗೆ ಬೆರಳು ಹಿಚುಕುವುದರಲ್ಲೇ ಎಲ್ಲಾ ಮುಗಿಯುತ್ತದೆ. ಸುತ್ತ ನೂರು ಮಂದಿ ನಿಂತಿದ್ದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಸಾವಕಾರರು ಈ ವಿದ್ಯೆಯಲ್ಲಿ ಹುಟ್ಟಿ ಬೆಳೆದವರು.

ಕಾರಖಾನೆಯ ಮ್ಯಾನೇಜರು ಎತ್ತರದ ಮನುಷ್ಯ, ಸಣ್ಣ ಕನ್ನಡಕ, ಇಂಗ್ಲಿಷನ್ನು ಅಳೆದು ತೂಗಿ ಆಡುವವರು. ಯಂತ್ರ ತೋರಿಸಿದರು, ದರ ಅಚ್ಚು ಮಾಡಿದ ಕಾಗದ ಮುಂದಿಟ್ಟರು. ಸಾವಕಾರರು ಆ ಕಾಗದ ನೋಡಲೇ ಇಲ್ಲ. ನನ್ನ ಹೆಗಲ ಮೇಲಿನ ನೀಲವ್ವನ ವಲ್ಲಿ ಸರಕ್ಕನೆ ಎಳೆದರು, ಮ್ಯಾನೇಜರ ಬಲಗೈ ಹಿಡಿದರು, ಮೇಲೆ ವಲ್ಲಿ ಹೊದಿಸಿ ಬೆರಳು ಹಿಚುಕಲಿಕ್ಕೆ ಶುರು ಮಾಡಿದರು.

ಆ ಮನುಷ್ಯನ ಮುಖ ಕೆಂಪಾಗಿ ಬಿಳಿಯಾಗಿ ಮತ್ತೆ ಕೆಂಪಾಯಿತು. ಕೈ ಕಿತ್ತುಕೊಳ್ಳಲಿಕ್ಕೆ ಹೋದರೆ ಸಾವಕಾರರು ಬಿಡಬೇಕಲ್ಲ. ಟೈಪು ಮಾಡುತ್ತಿದ್ದ ಹುಡುಗಿ ಎದ್ದು ನಿಂತಳು. ನಾನು ನಡುವೆ ಬಿದ್ದು, ಇದು ನಮ್ಮ ಊರಿನ ವ್ಯಾಪಾರದ ಪದ್ಧತಿ, ಇದರಲ್ಲಿ ಬೇರೇನೂ ಇಲ್ಲ ಅಂತ ಮೂರು ಸಲ ಹೇಳಬೇಕಾಯಿತು. ತಿಳಿದ ಮೇಲೆ ಅವರು ನಕ್ಕರು ನೋಡ್ರಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

"ನಿಮ್ಮವರು ಎಲ್ಲಾ ಮುಚ್ಚಿ ಮಾಡುತ್ತಾರೋ?" ಅಂತ ಕೇಳಿದರು. "ಹಾಗಾದರೆ ಗ್ಲಾರುಸಿಗೆ ಹೋಗಿ ಬನ್ನಿ. ನಮ್ಮ ಯಂತ್ರ ಅಲ್ಲಿಯ ನೂಲಿನ ಗಿರಣಿಯಲ್ಲಿ ನಡೆಯುತ್ತಿದೆ, ಶನಿವಾರ ಅದನ್ನು ನೋಡಿ. ರವಿವಾರ ಅಲ್ಲಿಯ ಜನ ಕಾಯದೆ ಮಾಡುವುದನ್ನು ನೋಡಿ."

ಹೊರಗೆ ಬಂದ ಮೇಲೆ ಸಾವಕಾರರು ಮುಖ ಗಂಟಿಕ್ಕಿಕೊಂಡಿದ್ದರು. "ಎಲ್ಲಾರ ಮುಂದ ರೇಟು ಹೇಳೂದು ಒಂದು ವ್ಯಾಪಾರ ಏನ್ರಿ?" ಅಂದರು. ವಲ್ಲಿಯನ್ನು ಮಾತ್ರ ನೀಟಾಗಿ ಮಡಿಚಿ ನನ್ನ ಹೆಗಲಿಗೆ ತಿರುಗಿ ಹಾಕಿದರು.

ಗ್ಲಾರುಸ್, ಶನಿವಾರ

ಈ ದೇಶವೆಂದರೆ ಕ್ಯಾಂಟನ್ ಎಂಬ ಸಣ್ಣ ಸಣ್ಣ ನಾಡುಗಳ ಒಕ್ಕೂಟ. ರೈಲಿನಲ್ಲಿ ಒಂದು ನಿದ್ದೆ ತೆಗೆದು ಎದ್ದರೆ ನಾಡು ಬದಲಾಗಿರುತ್ತದೆ. ಸಾಲೆಯ ಪದ್ಧತಿ ಬೇರೆ, ಹಬ್ಬದ ರಜೆ ಬೇರೆ, ಪೋಲೀಸರ ಟೊಪ್ಪಿಗೆ ಬೇರೆ. ನನಗೇನು ಆಶ್ಚರ್ಯ ಆಗಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋದರೆ ಜಮಖಂಡಿ ಸಂಸ್ಥಾನ, ಹರಿಹರದ ಸೇತುವೆ ದಾಟಿದರೆ ಮೈಸೂರು. ಹಾಗೆ ನೋಡಿದರೆ ನಾವೂ ಹತ್ತು ನಾಡು ತುಳಿದೇ ಓಡಾಡುವ ಮಂದಿ. ಆದರೆ ನಮ್ಮಲ್ಲಿ ಗಡಿ ದಾಟಿದರೆ ಬದಲಾಗುವುದು ದೊರೆ. ಇವರಲ್ಲಿ ದೊರೆಯೇ ಇಲ್ಲ, ಬದಲಾಗುವುದು ಕಾಯದೆ, ಮಾಡಿದವರು ಅಲ್ಲಿಯ ಜನ.

ಗ್ಲಾರುಸ್ ಅಂಥದೊಂದು ನಾಡು, ಅದೇ ಹೆಸರಿನ ಅದರ ಊರು ಗುಡ್ಡಗಳ ನಡುವೆ ಒತ್ತಿ ಕೂತಿದೆ. ಗಿರಣಿಯಲ್ಲಿ ಯಂತ್ರ ಛಲೋ ನಡೆದಿತ್ತು. ಸಾವಕಾರರು ನೂಲು ಎಳೆದು, ಜಗ್ಗಿ, ಮೂಸಿ, ಕಡೆಗೆ ಗೋಣು ಹಾಕಿದರು.

ನಾವು ಇಳಿದುಕೊಂಡದ್ದು ಊರ ಚೌಕದ ಹತ್ತಿರದ ಒಂದು ಖಾನಾವಳಿಯಲ್ಲಿ. ಕೆಳಗೆ ಊಟ, ಪಾನ. ಮೇಲೆ ಮಲಗುವ ಕೋಣೆ. ನಡೆಸುವಾಕೆ ರೆಗುಲಾ ಎಂಬ ವಿಧವೆ. ಎಳೆ ವಯಸ್ಸಿನಲ್ಲಿ ಇಂಗ್ಲಂಡಿನ ಒಂದು ಮನೆಯಲ್ಲಿ ಕೆಲಸಕ್ಕಿದ್ದಳಂತೆ, ಹಾಗಾಗಿ ಇಂಗ್ಲಿಷ್ ಬರುತ್ತಿತ್ತು. ಮಾಂಸ ಒಲ್ಲೆವು ಅಂದದ್ದಕ್ಕೆ ಬಟಾಟೆ ಹುರಿದು, ಚೀಸು ಕರಗಿಸಿ ಇಟ್ಟಳು. ಸಾವಕಾರರು ಅದರ ಮೇಲೆ ಶೇಂಗಾ ಚಟ್ನಿ ಉದುರಿಸಿದರು. ಆಕೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೀರು ಕುಡಿಯಲಿಕ್ಕೆ ಓಡಿದಳು, ಬಂದು ಇನ್ನೊಂದು ಚಿಟಿಕೆ ಕೇಳಿದಳು.

"ಈ ಬಾಯಾರು ನಮ್ಮ ಕಡಿಯವರ ಇರಬೇಕು ಬಿಡ್ರಿ," ಅಂದರು ಸಾವಕಾರರು.

ವಲ್ಲಿಯ ನೂಲನ್ನು ಆಕೆ ಬೆರಳಿನಿಂದ ಮುಟ್ಟಿ ನೋಡಿ, ಯಾರು ನೂತದ್ದು ಅಂತ ಕೇಳಿದಳು. ಮಾತಿಗೆ ಮಾತು ಹತ್ತಿ ನೀಲವ್ವನ ಹೊಲದ ಕಥೆ ಪೂರ್ತಿ ಹೇಳಿಬಿಟ್ಟೆ. ಆಕೆ ಕೇಳಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

ಆಕೆಯ ಗಂಡನ ತಮ್ಮಂದಿರೂ ಹೀಗೆಯೇ ಬಂದಿದ್ದರಂತೆ. ಗುಡ್ಡದ ಹುಲ್ಲುಗಾವಲು ನಮ್ಮದು ಅಂದರಂತೆ. ಆದರೆ ವಾರಸಾ ಕಾಯದೆ ಈಗ ದೇಶಕ್ಕೆಲ್ಲಾ ಒಂದೇ. ಮನೆ, ಖಾನಾವಳಿ, ಹುಲ್ಲುಗಾವಲು ಅಂತ ಅದು ಭೇದ ಮಾಡುವುದಿಲ್ಲ. ಆಕೆಯ ಪಾಲು ಆಕೆಗೆ ಬಂತು.

"ನಮ್ಮ ತಾಯಿಯ ಕಾಲಕ್ಕೆ ಹಾಗಿರಲಿಲ್ಲ," ಅಂದಳು. "ಆಗ ಒಂದೊಂದು ಕ್ಯಾಂಟನ್ನಿಗೆ ಒಂದೊಂದು ವಾರಸಾ ಕಾಯದೆ. ಆಮೇಲೆ ದೇಶದ ಗಂಡಸರು ಮತ ಹಾಕಿ ಆ ಅಧಿಕಾರ ಒಕ್ಕೂಟಕ್ಕೆ ಕೊಟ್ಟರು. ಊರು ಮುಂದೆ, ಒಕ್ಕೂಟ ಹಿಂದೆ ಆದದ್ದೂ ಇದೆ. ಗಿರಣಿಯಲ್ಲಿ ಆಳುಗಳು ದುಡಿಯುವ ಹೊತ್ತಿಗೆ ಮಿತಿ ಹಾಕಿದ್ದು ಮೊದಲು ನಾಳೆ ಜನ ಕೂಡುವ ನಮ್ಮ ಊರಿನ ಬಯಲಿನಲ್ಲೇ. ಒಕ್ಕೂಟಕ್ಕೆ ಬುದ್ಧಿ ಬಂದದ್ದು ಆಮೇಲೆ."

ನಾನು ಊಟ ಬಿಟ್ಟು ಕೇಳುತ್ತಿದ್ದೆ. ಅಧಿಕಾರದ ಹಂಚಿಕೆ ಅಂದರೆ ಕಲ್ಲಿನಲ್ಲಿ ಕೊರೆದ ಶಾಸನ ಅಂತ ನನ್ನ ತಲೆಯಲ್ಲಿ ಕೂತಿತ್ತು. ಇವರಲ್ಲಿ ಅದು ಅಣ್ಣತಮ್ಮಂದಿರ ನಡುವಿನ ಭಾಂಡೆ ಸಾಮಾನಿನ ಹಾಗೆ, ಇಂದು ಈ ಮನೆಯಲ್ಲಿ, ಬೇಕಾದರೆ ನಾಳೆ ಆ ಮನೆಯಲ್ಲಿ. ಒಪ್ಪಿ ಕೊಟ್ಟುಕೊಂಡರೆ ಮುಗಿಯಿತು.

ಗ್ಲಾರುಸ್, ರವಿವಾರ

ಬೆಳಗ್ಗೆ ಚೌಕದಲ್ಲಿ ಹಲಗೆಯ ಮೆಟ್ಟಿಲು ಕಟ್ಟಿ ದೊಡ್ಡ ದುಂಡು ಬಯಲು ಮಾಡಿದ್ದರು, ಕುಸ್ತಿಯ ಕಣದ ಹಾಗೆ. ಕರಿ ಕೋಟಿನ ಗಂಡಸರು ಹಳ್ಳಿಹಳ್ಳಿಯಿಂದ ಬಂದು ತುಂಬಿದರು. ನಡುವೆ ಎತ್ತರದ ಕಟ್ಟೆಯ ಮೇಲೆ ನಾಡಿನ ಮುಖ್ಯಸ್ಥ ಕತ್ತಿ ಊರಿಕೊಂಡು ನಿಂತಿದ್ದ. ಕತ್ತಿ ಕಂಡು ಸಾವಕಾರರು ಒಂದು ಹೆಜ್ಜೆ ಹಿಂದೆ ಸರಿದರು. ಅದು ಬರೀ ಶಾಸ್ತ್ರಕ್ಕೆ ಅಂತ ತಿಳಿದ ಮೇಲೆ ಮುಂದೆ ಬಂದರು. ಪರವೂರಿನವರು ನಿಲ್ಲುವ ಜಾಗದಲ್ಲಿ, ಕಣದ ಹೊರಗೆ, ನಾವಿಬ್ಬರೂ ನಿಂತೆವು. ಇಂಗ್ಲಿಷ್ ಬಲ್ಲ ಝೂರಿಕ್ಕಿನವನೊಬ್ಬ ಪಕ್ಕದಲ್ಲಿ ನಿಂತು ನಡೆದದ್ದನ್ನು ನನಗೆ ತಿಳಿಸುತ್ತಿದ್ದ.

ಒಂದೊಂದೇ ಕಾಯದೆ ಓದುತ್ತಾರೆ. ಮಾತಾಡಬೇಕೆನ್ನುವವನು ಕಟ್ಟೆ ಹತ್ತಿ ಮಾತಾಡುತ್ತಾನೆ, ರೈತನಾಗಲಿ, ಕಮ್ಮಾರನಾಗಲಿ. ಆಮೇಲೆ ಕೈ ಎತ್ತುತ್ತಾರೆ. ಸಾವಿರಾರು ಕೈ ಒಮ್ಮೆಲೇ ಮೇಲೆ ಹೋದಾಗ, ಖರೇ ಹೇಳತೇನಿ, ನನ್ನ ಮೈ ಝುಂ ಅಂದಿತು. ಮುಖ್ಯಸ್ಥ ಸುತ್ತ ಕಣ್ಣಾಡಿಸಿ, ಇತ್ತ ಹೆಚ್ಚು ಅಥವಾ ಅತ್ತ ಹೆಚ್ಚು ಅಂತ ಹೇಳುತ್ತಾನೆ. ಅಷ್ಟೇ.

"ಎಣಸಾಂಗಿಲ್ಲೇನ್ರಿ?" ಅಂದರು ಸಾವಕಾರರು.

"ಇಲ್ಲಂತ್ರಿ."

"ಮತ್ತ ಯಾರೂ ತಕರಾರ ತಗ್ಯಾಂಗಿಲ್ಲ?"

"ಎಲ್ಲಾರ ಕೈ ಎಲ್ಲಾರಿಗೂ ಕಾಣತಾವಲ್ರಿ."

ಸಾವಕಾರರು ಕೊರಳು ಚಾಚಿ ಮತ್ತೊಮ್ಮೆ ಕಣ ನೋಡಿದರು. ವಲ್ಲಿಯ ಕೆಳಗಿನ ವ್ಯವಹಾರದಲ್ಲಿ ಕೂದಲು ಹಣ್ಣು ಮಾಡಿಕೊಂಡ ಮನುಷ್ಯ ಅವರು. ಇದು ಅವರಿಗೆ ಸುಲಭಕ್ಕೆ ಇಳಿಯುವ ತುತ್ತಲ್ಲ.

ಖಾನಾವಳಿಗಳನ್ನು ರಾತ್ರಿ ಇನ್ನಷ್ಟು ಲಗೂ ಮುಚ್ಚಬೇಕು ಎನ್ನುವ ಕಾಯದೆ ಮುಂದೆ ಬಂತು. ಇದು ರೆಗುಲಾಳ ಹೊಟ್ಟೆಯ ಪ್ರಶ್ನೆ. ಆಕೆ ಎಲ್ಲಿ ಅಂತ ತಿರುಗಿ ನೋಡಿದೆ. ತನ್ನ ಮಹಡಿಯ ಕಿಟಕಿಯಲ್ಲಿ ನಿಂತಿದ್ದಳು. ಚೌಕದ ಸುತ್ತಿನ ಕಿಟಕಿಗಳಲ್ಲೆಲ್ಲಾ ಹೆಂಗಸರೇ. ಕಣದೊಳಗೆ ಒಬ್ಬಾಕೆಯೂ ಇಲ್ಲ. ನಾನು ಬೆಳಗಿನಿಂದ ಅದನ್ನು ನೋಡುತ್ತಲೇ ಇದ್ದೆ, ಆದರೆ ನನಗೆ ಕಂಡದ್ದು ಆವಾಗ.

ಆಕೆಯ ಪರವಾಗಿ ಪಕ್ಕದ ಮನೆಯ ಮುದುಕ ಕಟ್ಟೆ ಹತ್ತಿದ. ಏನೋ ತಡವರಿಸಿದ, ಜನ ನಕ್ಕರು, ಇಳಿದ. ಕಾಯದೆ ಬೇಡ ಎನ್ನುವವರ ಕೈ ಎತ್ತಲಿಕ್ಕೆ ಕರೆ ಬಂತು. ಪಕ್ಕದಲ್ಲಿ ಏನೋ ಅಲುಗಿತು ಅಂತ ನೋಡಿದರೆ ಸಾವಕಾರರು ಬಲಗೈ ಪೂರ್ತಿ ನೀಟಾಗಿ ಮೇಲೆ ಎತ್ತಿ ನಿಂತಿದ್ದಾರೆ. ನಾನು ಜಗ್ಗಿ ಇಳಿಸಿದೆ.

"ಬಿಡ್ರಿ ವಕೀಲರ," ಅಂದರು ಸಿಟ್ಟಿನಿಂದ. "ಬಾಯಾರ ಹೊಟ್ಟಿ ಮ್ಯಾಲೆ ಕಲ್ಲು ಹಾಕಾಕತ್ತಾರ ಇವರು."

ಕಾಯದೆ ಪಾಸಾಯಿತು. ಕಿಟಕಿಯಿಂದ ರೆಗುಲಾ ಒಳಗೆ ಹೋದಳು.

ಸಂಜೆ ಆಕೆ ಗಾಜಿನ ಲೋಟ ಒರೆಸುತ್ತಾ ನಿಂತಿದ್ದಾಗ ನಾನು ಕೇಳಿದೆ, ನಿಮಗೆ ಸಿಟ್ಟು ಬರಲಿಲ್ಲವೇ ಅಂತ.

"ಬಂತು. ಸಿಟ್ಟು ಹಿಡಿದುಕೊಂಡು ಎಲ್ಲಿಗೆ ಹೋಗಲಿ? ನಮ್ಮಲ್ಲಿ ಹೆಂಗಸರಿಗೆ ಮತವಿಲ್ಲ, ಇಲ್ಲಿಯೂ ಇಲ್ಲ, ಒಕ್ಕೂಟದಲ್ಲಿಯೂ ಇಲ್ಲ," ಅಂದಳು. "ನಿಮ್ಮ ತಂಗಿಗೂ ಇರಲಿಕ್ಕಿಲ್ಲ."

"ಇದೆ. ಪ್ರಾಂತದ ಹಿಂದಿನ ಚುನಾವಣೆಯಲ್ಲಿ ಹಾಕಿದ್ದಾಳೆ. ಗಂಡನ ಜೋಡಿ ಚಕ್ಕಡಿಯಲ್ಲಿ ಹೋಗಿ ಹಾಕಿ ಬಂದಳು."

ಆಕೆಯ ಕೈಯಲ್ಲಿನ ಅರಿವೆ ನಿಂತಿತು. ನಾನು ಸುಳ್ಳು ಹೇಳುತ್ತಿದ್ದೇನೋ ಅನ್ನುವ ಹಾಗೆ ಮುಖ ನೋಡಿದಳು. ಇಂಗ್ಲಿಷರ ಕೈಕೆಳಗಿನ ದೇಶದ ಹಳ್ಳಿಯ ಹೆಂಗಸಿಗೆ ಮತ. ಇಷ್ಟು ಪುರಾತನ ಪ್ರಜಾರಾಜ್ಯದ ಈಕೆಗೆ ಕಿಟಕಿ. ನಮ್ಮಲ್ಲೂ ಎಲ್ಲರಿಗೂ ಇಲ್ಲ, ತೆರಿಗೆ ಕಟ್ಟುವವರಿಗೆ, ಅವರ ಹೆಂಡಂದಿರಿಗೆ, ಓದು ಬಂದವರಿಗೆ ಮಾತ್ರ ಅಂತ ತಿಳಿಸಿ ಹೇಳಿದೆ. ಆಕೆಗೆ ಅದು ಕಿವಿಗೆ ಬಿತ್ತೋ ಇಲ್ಲವೋ.

"ಹೊಲದ ಕಾಯದೆ ಮಾಡುವುದು ಆ ಪ್ರಾಂತದ ಸಭೆಯೇ ಅಲ್ಲವೇ?" ಅಂದಳು.

"ಹೌದು."

"ಆ ಸಭೆಗೇ ಅಲ್ಲವೇ ಆಕೆ ಮತ ಹಾಕಿದ್ದು?"

"ಹೌದು."

"ಹಾಗಾದರೆ ಆಕೆ ಯಾರನ್ನು ಕಾಯುತ್ತಿದ್ದಾಳೆ?"

ನಾನು ಇಷ್ಟು ವರ್ಷ ಕೋರ್ಟಿನಲ್ಲಿ ನಿಂತವನು. ಅಂಥ ನೆಟ್ಟಗಿನ ಪ್ರಶ್ನೆ ಯಾವ ನ್ಯಾಯಾಧೀಶರೂ ನನಗೆ ಹಾಕಿರಲಿಲ್ಲ. ಹೊಲ ಪ್ರಾಂತದ ಪಟ್ಟಿಯಲ್ಲಿದೆ ಅನ್ನುವುದನ್ನು ನಾನು ಅಲ್ಲಿಯವರೆಗೆ ಮುಚ್ಚಿದ ಬಾಗಿಲು ಅಂತಲೇ ತಿಳಿದಿದ್ದೆ. ಖರೇ ನೋಡಿದರೆ ದಿಲ್ಲಿಯಲ್ಲಿದ್ದ ಬಾಗಿಲನ್ನು ತಂದು ನಮ್ಮ ಓಣಿಯಲ್ಲೇ ನಿಲ್ಲಿಸಿದ್ದರು. ಬಡಿಯುವವರು ಬೇಕಾಗಿತ್ತು.

ಹೊರಡುವಾಗ ಸಾವಕಾರರು ಉಳಿದ ಶೇಂಗಾ ಚಟ್ನಿಯನ್ನು ಡಬ್ಬಿ ಸಮೇತ ಆಕೆಯ ಕೈಗಿಟ್ಟರು. ಆಕೆ ನೀಲವ್ವನಿಗೆ ಅಂತ ಅಚ್ಚಿನ ಹೂವಿನ ಒಂದು ಕೆಂಪು ತಲೆವಸ್ತ್ರ ಕೊಟ್ಟಳು. ಆ ಊರಿನ ಗಿರಣಿಯದೇ ಅಚ್ಚು.

ಗರಗ

ಯಂತ್ರದ ಕರಾರು ಮುಗಿಸಿ ತಿರುಗಿ ಬಂದಾಗ ಮಿರಗದ ಮುಂಗಾರು ಮಳೆ ಹಿಡಿದಿತ್ತು. ಗರಗದಲ್ಲಿ ಎಲ್ಲರೂ ಕೂರಿಗೆ ಕಟ್ಟಿದ್ದರು. ಕೆರೆಯ ಕೆಳಗಿನ ಹೊಲವನ್ನು ನೀಲವ್ವನ ಭಾವನೇ ಬಿತ್ತುತ್ತಿದ್ದ. ನನ್ನನ್ನು ಕಂಡು ಕೂರಿಗೆಯ ಹಿಂದಿನಿಂದಲೇ ಶರಣ್ರಿ ಅಂದ, ಎತ್ತು ನಿಲ್ಲಿಸಲಿಲ್ಲ.

ನೀಲವ್ವ ಚರಕದ ಮುಂದೆ ಕೂತಿದ್ದಳು. ಝೂರಿಕ್‌ನಲ್ಲಿ ವಲ್ಲಿ ಹೊದಿಸಿದ ಕಥೆ ಹೇಳಿದೆ. ಗಂಡ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ, ಅಂದು ನಕ್ಕಳು. ಆಮೇಲೆ ತಲೆವಸ್ತ್ರ ಕೈಗಿಟ್ಟು ಗ್ಲಾರುಸಿನ ಕೈಗಳ ಕಥೆ, ರೆಗುಲಾಳ ಹುಲ್ಲುಗಾವಲಿನ ಕಥೆ, ಕಿಟಕಿಯ ಕಥೆ ಹೇಳಿದೆ. ನೂಲುವುದು ನಿಂತಿತು.

"ಆಕಿಗೆ ಹುಲ್ಲಗಾವಲಾ ಐತಿ, ಮತಾ ಇಲ್ಲ?"

"ಇಲ್ಲ."

"ನನಗ ಮತಾ ಐತಿ, ಹೊಲಾ ಇಲ್ಲ." ತಲೆವಸ್ತ್ರದ ಹೂವಿನ ಮೇಲೆ ಕೈಯಾಡಿಸುತ್ತಾ ಕೂತಳು. "ಅಣ್ಣಾ, ನೀ ಈಗ ಏನ ಮಾಡಾಂವ?"

ನಾನು ಯೋಚಿಸಿಕೊಂಡೇ ಬಂದಿದ್ದೆ. ಒಂದು ಅರ್ಜಿ ಬರೆಯುತ್ತೇನೆ, ಜೊತೆಗೆ ಹಿರಿಯರೊಬ್ಬರ ಮುಖಾಂತರ ಭಾವನ ಕಿವಿಗೆ ಮೆಲ್ಲಗೆ ಎರಡು ಮಾತು ಹಾಕಿಸುತ್ತೇನೆ, ಮನೆತನದ ಮಾತು ಬೀದಿಗೆ ಬರಬಾರದು ಅಂದೆ.

"ಸಾವಕಾರ್ರ ಹಂಗ ನೀನೂ ವಲ್ಲಿ ಹೊಚ್ಚಾಕತ್ತಿ," ಅಂದಳು. ಸಿಟ್ಟಿನಿಂದ ಅಲ್ಲ, ಇದ್ದದ್ದನ್ನು ಇದ್ದ ಹಾಗೆ. "ನಾ ಮತಾ ಹಾಕಿದಾಂವ ಎಲ್ಲಿರತಾನ?"

ನಮ್ಮ ಭಾಗದಿಂದ ಪ್ರಾಂತದ ಸಭೆಗೆ ಆರಿಸಿ ಹೋದವರ ಮನೆ ಧಾರವಾಡದಲ್ಲಿ, ನನ್ನ ಮನೆಯಿಂದ ಎರಡು ಓಣಿ ಆಚೆ. ಹಾಗಂತ ಹೇಳಿದೆ. ಮರುದಿನ ಚಕ್ಕಡಿಯಲ್ಲಿ ಅವಳ ಜೊತೆ ಇನ್ನೂ ನಾಲ್ವರು ಹೆಂಗಸರು ಹತ್ತಿದರು. ನಾಲ್ವರೂ ನೂಲುವವರು, ಅವರಲ್ಲಿ ಇಬ್ಬರು ವಿಧವೆಯರು. ನಾನು ಎತ್ತುಗಳ ಹಿಂದೆ ನೊಗದ ಹತ್ತಿರ ಜಾಗ ಮಾಡಿಕೊಂಡು ಕೂತೆ.

ಸಭೆಯ ಸದಸ್ಯರ ಮನೆಯ ಅಂಗಳದಲ್ಲಿ ಮಂದಿ ಬಹಳ ಇದ್ದರು. ಸದಸ್ಯರು ನನ್ನನ್ನು ಗುರುತಿಸಿ, "ಬರ್ರಿ ವಕೀಲರ, ವಿಲಾಯತಿಯಿಂದ ಯಾವಾಗ ಬಂದ್ರಿ? ಒಳಗ ಬರ್ರಿ, ಮಾತಾಡೂಣು," ಅಂದು ಒಳಕೋಣೆಯ ಕಡೆ ಕೈ ತೋರಿಸಿದರು. ನನ್ನ ಕಾಲು ಆ ಕಡೆ ತಿರುಗಿಯೂ ಬಿಟ್ಟಿತ್ತು.

"ಒಳಗ ಬ್ಯಾಡ್ರಿ," ಅಂದಳು ನೀಲವ್ವ. "ಇಲ್ಲೇ ಛಲೋ ಐತಿ. ಎಲ್ಲಾರೂ ಕೇಳಲಿ."

ಅಂಗಳದ ಮಂದಿ ಹತ್ತಿರ ಸರಿದು ನಿಂತರು. ಸದಸ್ಯರು ಅವಳ ಕಡೆ ತಿರುಗಿದರು. "ಏನವ್ವಾ, ಏನು ತಕರಾರು?"

"ನಾ ಗರಗದಾಕಿ ರೀ. ನಿಮಗ ಮತಾ ಹಾಕೇನಿ. ನನ್ನ ಗಂಡನ ಹೊಲದಾಗ ನನಗ ಪಾಲಿಲ್ಲಂತ."

"ಯಾರು ಹಂಗಂದರು?"

"ನಮ್ಮ ಭಾವ ಅಂದ. ವಕೀಲರು ಅಂದರು. ದಿಲ್ಲಿಯವರೂ ಅದನ್ನ ಅಂದಾರಂತ, ಹೊಲದ ಮಾತು ನಮ್ಮ ಕೈಯಾಗಿಲ್ಲ, ಪ್ರಾಂತದವರ ಕೈಯಾಗ ಐತಿ ಅಂತ." ಅವಳು ಸೆರಗು ಸರಿಮಾಡಿಕೊಂಡಳು, ಬಲಗೈ ಮೇಲೆತ್ತಿದಳು. ಹಿಂದಿನ ನಾಲ್ವರೂ ಎತ್ತಿದರು. "ನಮ್ಮ ಕೈ ಇಲ್ಲೆ ಅದಾವ್ರಿ. ನಿಮ್ಮ ಕೈ ಎಲ್ಲಿ ಐತಿ ತೋರಿಸ್ರಿ."